ಬಾಣಂತಿ ಮನೆಯ ಗ್ಯಾಸ್ ಗೀಸರ್

ಗ್ಯಾಸ್ ಗೀಸರ್ ರಿಪೇರಿಯವನಿಗೆ ಕೆಟ್ಟ ಮಿಷಿನ್ನಿಗಿಂತ ಕೆಡದ ಮಿಷಿನ್ನುಗಳದೇ ಕಾಟ. ನನ್ನ ಅಂಗಡಿ ಆಂಡರ್ಸನ್‌ಪೇಟೆಯಲ್ಲಿ. ಈಚೆಗೆ ಬಂಗಾರಪೇಟೆ ಪಕ್ಕದ ಹಳ್ಳಿಯೊಂದಕ್ಕೆ ಮೊದಲ ಸಲ ಗೀಸರ್ ಮಾರಿದೆ. ಎಮ್ಮೆ ಕಟ್ಟಿ ಹಾಲು ಮಾರುವ ಮನೆ. ಮಗಳು ಬಾಣಂತನಕ್ಕೆ ಬಂದಿದ್ದಳು. ಯಜಮಾನರು ಅವತ್ತೇ ಹೇಳಿದ್ದರು: “ಮಗೀಗೆ ಬಿಸ್ನೀರು ತಪ್ಪಿದ್ರೆ ಮಿಷಿನ್ನು ವಾಪಸ್ಸು.”

೧. ಗಾಳಿ ಸೋಕಬಾರದು

ವಾರದೊಳಗೆ ಫೋನು. ಹೋಗಿ ನೋಡಿದರೆ ಫ್ಯಾನ್ ತಿರುಗುತ್ತದೆ, ಬೆಂಕಿ ಹತ್ತುವುದಿಲ್ಲ. ಇಂಥ ಗೀಸರಿನಲ್ಲಿ ಪ್ರೆಷರ್ ಸ್ವಿಚ್ ಎಂಬುದೊಂದಿದೆ. ಪೈಪಿನಿಂದ ಹೊಗೆ ಸರಾಗವಾಗಿ ಹೊರಹೋಗದಿದ್ದರೆ ಅದು ಬೆಂಕಿ ಹತ್ತಗೊಡುವುದಿಲ್ಲ. ಹೊಗೆ ಒಳಗೆ ನಿಂತರೆ ಪ್ರಾಣಕ್ಕೇ ಕುತ್ತು. ಸ್ವಿಚ್ಚು ನೋಡಿದೆ, ಅದರ ರಬ್ಬರ್ ಟ್ಯೂಬನ್ನು ಬಾಯಿಂದ ಊದಿ ನೋಡಿದೆ. ಎಲ್ಲ ಸರಿ. ಹೊರಗೆ ಹೋಗಿ ಪೈಪಿಗೆ ಕೈ ಹಾಕಿದರೆ ಒಂದು ಹಳೇ ಸೀರೆ, ಎಳೆದಷ್ಟೂ ಬರುತ್ತಿದೆ!

ಯಜಮಾನರ ತಾಯಿ, ಮನೆಗೆಲ್ಲ ಅಜ್ಜಿ, ನನಗೇ ಬೈದರು: “ಬಾಣಂತಿ ಮನೇಲಿ ಅಷ್ಟು ದೊಡ್ಡ ತೂತು ಬುಟ್ಟಿದ್ದೀಯಲ್ಲಪ್ಪಾ, ನಿಮ್ಮನೇಲಿ ಎಂಗಸ್ರೇ ಇಲ್ವಾ?”

೨. ಶುಕ್ರವಾರದ ಪೂಜೆ

ಮತ್ತೆ ಅದೇ ದೂರು. ಈ ಸಲ ಪೈಪು ಖಾಲಿ. ಆದರೆ ಗೀಸರು ಗಾಳಿ ಎಳೆದುಕೊಳ್ಳುವ ಜಾಲರಿಗೆ ಅಜ್ಜಿ ಅರಿಶಿನ ಮೆತ್ತಿ ಕುಂಕುಮ ಇಟ್ಟಿದ್ದರು. ಒಣಗಿ ಗಾರೆಯಾಗಿತ್ತು. ಬೆವರು ಸುರಿಸಿಕೊಂಡು ಕೆರೆದೆ. ಬೆಂಕಿ ಭಗ್ಗೆಂದಿತು.

ಅಜ್ಜಿ ಗೀಸರಿಗೆ ಕೈಮುಗಿದು ಮಗನ ಕಡೆ ತಿರುಗಿದರು: “ನಾನೇಳ್ಲಿಲ್ವೇನ್ಲಾ? ಪೂಜೆ ಮಾಡಿದ್ಮೇಲೆ ಎಂಗೆ ಉರೀತೈತೆ ನೋಡು!”

೩. ವಾಪಸ್ಸು

ಆಮೇಲಿನ ಫೋನಿನಲ್ಲಿ ಯಜಮಾನರ ದನಿ ಗಡುಸಾಗಿತ್ತು: “ರಿಪೇರಿ ಬ್ಯಾಡ. ಬಂದು ಎತ್ಕೊಂಡೋಗಿ.”

ನನಗೆ ಅಳುವೇ ಬಂತು. ಇದು ವಾಪಸ್ಸಾದರೆ ಆ ಕಡೆ ಇನ್ನು ಯಾರೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ. ಆಟೋ ಮಾಡಿಕೊಂಡು ಹೋದೆ. ಸೋನೆ ಮಳೆ. ಹೊರಗೆ ಸೂರಿನಡಿಯ ಪೈಪಿನ ಬಾಯಿಗೆ ಮಗುವಿನ ಒದ್ದೆ ಬಟ್ಟೆಗಳನ್ನು ಒಂದರ ಮೇಲೊಂದು ಹೊದಿಸಿದ್ದರು. ಅವನ್ನು ತೆಗೆದು ನಲ್ಲಿ ತಿರುಗಿಸಿದೆ. ಬೆಂಕಿ ಹತ್ತಿತು.

“ಆದ್ರೂ ದಿನಾ ಇದೇ ಗೋಳು, ಬಿಚ್ಚಿ” ಎಂದರು ಯಜಮಾನರು. ನಾನು ಸ್ಪ್ಯಾನರ್ ತೆಗೆದೆ.

ಅಜ್ಜಿ ಬಂದು ಗೀಸರಿಗೆ ಅಡ್ಡ ನಿಂತರು. “ಮುಟ್ಟಿದ್ರೆ ನೋಡು! ಎಂಥಾ ಮಿಷಿನ್ನು!”

ನನ್ನ ಕಣ್ಣು ತುಂಬಿತು. “ಮಗುಗೆ ನೀರು ಚೆನ್ನಾಗಿ ಕಾಯುತ್ತಾ, ಅಜ್ಜಿ?”

“ಮಗೀಗಾ? ಅದ್ಕೆ ಮೊದ್ಲಿಂದ್ಲೂ ಅಂಡೇಲಿ ಸೌದೆ ಆಕಿ ಕಾಯ್ಸದು. ಗ್ಯಾಸಿನ್ ನೀರು ಎಳೇ ಮೈಗೆ ಆಯ್ತದಾ?”

ಯಜಮಾನರು ಬಾಯಿ ಬಿಟ್ಟುಕೊಂಡು ನಿಂತರು. “ಮತ್ತೆ ಈ ಗೀಸರು ಯಾತಕ್ಕಮ್ಮಾ?”

“ಇದ್ರ ನೀರು ಎಮ್ಮೆ ತೊಳ್ಯಾಕೆ, ಪೈಪಿನ್ ಬಿಸಿ ಗಾಳಿ ಬಟ್ಟೆ ಒಣಗ್ಸಾಕೆ” ಎಂದು ಅಜ್ಜಿ ನನ್ನ ಕಡೆ ತಿರುಗಿದರು. “ಬಟ್ಟೆ ಮುಚ್ಚಿದ್ರೂ ಉರಿಯೋ ಅಂಗೆ ಮಾಡ್ಕೊಟ್ಟೋಗಪ್ಪಾ!”