ಚಿಯಾಂಗ್ ಮಾಯ್‌ನಲ್ಲಿ ಡಾಕ್ಟರ್ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಪಕ್ಕದಲ್ಲಿ ಆರೋಗ್ಯವಂತರು ಕೂರಬಾರದು. ಕೂತರೆ, ಏಳುವಾಗ ಒಂದಾದರೂ ಕಾಯಿಲೆ ಹೊತ್ತುಕೊಂಡೇ ಏಳಬೇಕು! ಧಾರವಾಡದವಳು, ಲಂಡನ್ನಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದು ನಿವೃತ್ತಳಾದವಳು. ಕೆಲಸ ನಿಂತಿತು, ಕಣ್ಣು ನಿಲ್ಲಲಿಲ್ಲ. ತನ್ನ ಮನೆಯ ಹತ್ತಿರದ ರೇನರ್ಸ್ ಲೇನ್‌ನಲ್ಲಿ ಟ್ಯೂಬ್ ರೈಲು ಹತ್ತಿದಳೆಂದರೆ ಅಕ್ಸ್‌ಬ್ರಿಡ್ಜ್‌ನ ನಮ್ಮ ಮನೆ ಮುಟ್ಟುವಷ್ಟರಲ್ಲಿ ಒಬ್ಬರ ಥೈರಾಯ್ಡು, ಇನ್ನೊಬ್ಬರ ರಕ್ತಹೀನತೆ ಪತ್ತೆಯಾಗಿರುತ್ತಿತ್ತು. ಒಮ್ಮೆ ಎದುರು ಕೂತ ಮುದುಕನೊಬ್ಬನಿಗೆ ಕುತ್ತಿಗೆಯ ಮಚ್ಚೆ ತೋರಿಸಿಕೋ ಎಂದಳು. ಅವನು ಗೊಣಗುತ್ತ ಮುಂದಿನ ಸ್ಟೇಷನ್ನಿನಲ್ಲೇ ಇಳಿದುಹೋದ. ಇಳಿದದ್ದು ಸಿಟ್ಟಿಗೋ ಆಸ್ಪತ್ರೆಗೋ ಎಂದು ದೊಡ್ಡಪ್ಪ ಬಹಳ ದಿನ ನಗುತ್ತಿದ್ದರು.

ಆ ದೊಡ್ಡಪ್ಪ ಈ ವರ್ಷ ಹೋಗಿಬಿಟ್ಟರು. ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ, ಇನ್ನೊಂದಿಷ್ಟು ಚಟ್ನಿ ಕೇಳಿ, ಹಾಗೇ ಮೇಜಿನ ಮೇಲೆ ಒರಗಿದರಂತೆ. ಹೃದಯ ನಿಂತಿತ್ತು. ದೊಡ್ಡಮ್ಮ ಎದುರಿಗೇ ಕೂತಿದ್ದಳು.

ಥಾಯ್ಲೆಂಡಿನ ಉತ್ತರದ ಚಿಯಾಂಗ್ ಮಾಯ್ ಊರಿನ ಹಳೆಯ ಬೌದ್ಧ ದೇವಾಲಯಗಳನ್ನು ನೋಡಬೇಕೆಂಬುದು ದೊಡ್ಡಪ್ಪನ ಆಸೆ. ಇಬ್ಬರಿಗೂ ಟಿಕೆಟ್ ಆಗಿತ್ತು. ಇನ್ನೆಲ್ಲಿ ಹೋಗುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದಾಗ ದೊಡ್ಡಮ್ಮ ನನಗೆ ಫೋನ್ ಮಾಡಿ, ಹೊಸ ಟಿಕೆಟ್ ತೆಗೆಸಿದ್ದೇನೆ, ನನ್ನ ಜೊತೆ ನೀನು ಬಾ ಎಂದಳು.

ಹೋದೆವು. ಅಲ್ಲಿಯೂ ತಪಾಸಣೆ ತಪ್ಪಲಿಲ್ಲ! ಕಂದಕದ ಒಳಗಿನ ಹಳೇ ಊರಿನಲ್ಲಿ ಬೀದಿಗೊಂದು ದೇವಾಲಯ. ಮೆಟ್ಟಿಲಿನ ಎರಡೂ ಬದಿಗೆ ಹೆಡೆಯೆತ್ತಿದ ನಾಗಗಳು, ಒಳಗೆ ಚಿನ್ನದ ಚಿತ್ತಾರದ ಸಾಗುವಾನಿ ಕಂಬಗಳು. ನಾನು ಕಂಬ ನೋಡಿದರೆ ಅವಳು ಕಂಬಕ್ಕೆ ಒರಗಿದ ಪ್ರವಾಸಿಯ ಊದಿದ ಕಾಲು ನೋಡುವಳು. ಮಲಗಿದ ಬುದ್ಧನ ಮುಂದೆ ನಿಂತು, ಹೀಗೆ ಒಂದೇ ಮಗ್ಗುಲಾದರೆ ಭುಜ ಹಿಡಿಯದೆ ಇರುತ್ತದೆಯೇ ಎಂದಳು. ಭೂಕಂಪಕ್ಕೆ ತುದಿ ಉರುಳಿದ ದೊಡ್ಡ ಇಟ್ಟಿಗೆಯ ಸ್ತೂಪವೊಂದಿದೆ. ಅದರ ಸುತ್ತ ಆನೆಗಳು, ಒಂದಕ್ಕೆ ಸೊಂಡಿಲಿಲ್ಲ. ಆ ಆನೆಯನ್ನು ನೋಡಲು ಮಾತ್ರ ಸ್ತೂಪವನ್ನು ಇನ್ನೊಂದು ಸುತ್ತು ಹಾಕಿ ಬಂದಳು.

ಆ ಸ್ತೂಪವಿದ್ದ ದೇವಾಲಯದ ಅಂಗಳದಲ್ಲಿ, ಮರದ ಕೆಳಗೆ, ಒಬ್ಬ ಯುವ ಭಿಕ್ಷು ಬಂದವರೊಂದಿಗೆ ಮಾತಾಡಲು ಕುರ್ಚಿ ಹಾಕಿಕೊಂಡು ಕೂತಿದ್ದ. ದೊಡ್ಡಮ್ಮ ಕೂತವಳೇ ನಾಡಿ ನೋಡಲು ಕೈ ಚಾಚಿದಳು. ಅವನು ಕುರ್ಚಿ ಸಮೇತ ಹಿಂದೆ ಸರಿದ. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ ಎಂದು ನಾನು ಪಿಸುಗುಟ್ಟಿದೆ.

"ಹಂಗಾರ ನಾಲಿಗಿ ತೆಗಿ ಅನ್ನು" ಎಂದಳು.

ಅವನು ನಗುತ್ತ ತೋರಿಸಿದ. ಹೊಟ್ಟೆ ಸರಿಯಿಲ್ಲ, ರಾತ್ರಿ ಸ್ವಲ್ಪವಾದರೂ ಊಟ ಮಾಡು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮಧ್ಯಾಹ್ನದ ಮೇಲೆ ನಾವು ಉಣ್ಣುವುದಿಲ್ಲ ಎಂದ. ಅದಕ್ಕೇ ಹೀಗಾಗಿದ್ದಾನೆ ಎಂದು ನನಗೆ ಹೇಳಿದಳು. ಭಿಕ್ಷು ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ತಾಯಿ, ನಿಮಗೆ ನಿದ್ದೆ ಬರುತ್ತದೆಯೇ?" ಎಂದು ಕೇಳಿದ.

ದೊಡ್ಡಮ್ಮ ಬಾಯಿ ತೆರೆದಳು. ಆಯುಷ್ಯವೆಲ್ಲ ಇಂಗ್ಲಿಷಿನಲ್ಲಿ ರೋಗಿಗಳನ್ನು ಮಾತಾಡಿಸಿದವಳಿಗೆ ಆ ಭಾಷೆಯ ಒಂದು ಪದವೂ ಬರಲಿಲ್ಲ. ನನ್ನ ಕಡೆ ತಿರುಗಿದಳು.

"ಇಲ್ಲ ಅಂತ ಹೇಳವಾ ಅವಗ. ಅವರು ಹೋದಾಗಿಂದ ಹಾಸಿಗಿ ಮ್ಯಾಲೆ ಮಲಗಿಲ್ಲ ನಾ. ಕುರ್ಚ್ಯಾಗ ಕುಂತು ಬೆಳಗು ಮಾಡ್ತೇನಿ. ಎದುರಿಗೇ ಇದ್ದೆ. ನನಗ ತಿಳೀಲಿಲ್ಲ."

ಹೋಟೆಲಿನಲ್ಲಿ ನಾನು ಏಳುವ ಹೊತ್ತಿಗೆ ಅವಳು ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ಬೇಗ ಏಳುವ ಅಭ್ಯಾಸ ಎಂದುಕೊಂಡಿದ್ದೆ. ಅವಳ ಮಾತನ್ನು ಭಿಕ್ಷುವಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಅವನು ಉಪದೇಶ ಮಾಡಲಿಲ್ಲ. ಎದ್ದು, ನಮ್ಮನ್ನು ಪಕ್ಕದ ಮಂದಿರದೊಳಗೆ ಕರೆದುಕೊಂಡು ಹೋಗಿ, ತಂಪಾದ ಮೂಲೆಯಲ್ಲಿ ಹಾಸಿದ್ದ ಚಾಪೆ ತೋರಿಸಿದ. ದೊಡ್ಡಮ್ಮ ಸ್ವಲ್ಪ ಹೊತ್ತು ಗೋಡೆಗೆ ಒರಗಿ ಅತ್ತಳು. ಆಮೇಲೆ ಸೆರಗು ಹೊದ್ದು ಅಡ್ಡಾದಳು. ನೋಡನೋಡುತ್ತಲೇ ನಿದ್ದೆ ಹತ್ತಿತು.

ಕಾಲು ನೇರವಾಗಿ ಬುದ್ಧನ ಕಡೆಗೇ ಚಾಚಿಕೊಂಡಿತ್ತು. ಅಲ್ಲಿ ಅದು ಮಹಾ ಅಪಚಾರ. ಹೂವು ಜೋಡಿಸುತ್ತಿದ್ದ ಒಬ್ಬ ಅಜ್ಜಿ ನೋಡಿ ಎದ್ದುಬಂದಳು. ಬೈಯುತ್ತಾಳೆಂದು ನಾನು ದೊಡ್ಡಮ್ಮನನ್ನು ಎಬ್ಬಿಸಹೊರಟೆ. ಅಜ್ಜಿ ಬೇಡವೆಂದು ಕೈಯಾಡಿಸಿದಳು. ಮೊಣಕಾಲೂರಿ ಕೂತು, ದೊಡ್ಡಮ್ಮನ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು, ಎಚ್ಚರವಾಗದ ಹಾಗೆ ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದಳು.