ಸೊನ್ನೆ ಒತ್ತದ ಗಂಗಕ್ಕ

ನನಗೊಂದು ತಲೆಯಾಡಿಸುವ ಕಾಯಿಲೆ ಇದೆ. ಎದುರಿಗಿರುವವರು ನನಗೆ ತಿಳಿಯದ ವಿಷಯವನ್ನು ಗಟ್ಟಿ ದನಿಯಲ್ಲಿ ಹೇಳಿದರೆ ಸಾಕು, ‘ಹೌದೌದು, ಅದೇ ಸರಿ’ ಎಂದು ತಲೆ ತಾನಾಗಿ ಆಡತೊಡಗುತ್ತದೆ. ತಿಳಿಯಲಿಲ್ಲ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಹೀಗೆ ತಲೆಯಾಡಿಸಿ ಆಡಿಸಿಯೇ ನಮ್ಮ ಮನೆಗೆ ಎರಡು ನೀರಿನ ಫಿಲ್ಟರ್ ಬಂದು ಕೂತಿವೆ. ಮೂರನೆಯದೂ ಬರುತ್ತಿತ್ತು, ಹೆಂಡತಿ ಬಾಗಿಲಲ್ಲೇ ತಡೆದಳು. ಆದರೆ ಕಳೆದ ವರ್ಷ ನಾನು ತಲೆಯಾಡಿಸಿದ್ದರಿಂದ ನನ್ನ ಅಕ್ಕನ ಮಧ್ಯಾಹ್ನದ ನಿದ್ದೆಗೇ ಸಂಚಕಾರ ಬಂತು.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಖಾನಾವಳಿ ಇದೆ. ನಮ್ಮದು ಎಂದರೆ, ಬೋರ್ಡಿನ ಮೇಲೆ ನನ್ನ ಹೆಸರು, ಒಲೆಯ ಮುಂದೆ ನನ್ನ ಅಕ್ಕ ಗಂಗಕ್ಕ. ಬೆಳಿಗ್ಗೆ ಏಳಕ್ಕೆ ಒಲೆಕಟ್ಟೆಯ ಮುಂದೆ ನಿಂತರೆ ಮಧ್ಯಾಹ್ನ ಮೂರರ ತನಕ ಅವಳು ಜೋಳದ ರೊಟ್ಟಿ ಬಡಿಯುತ್ತಲೇ ಇರಬೇಕು. ಮೂರರಿಂದ ಐದು ಅವಳ ಹೊತ್ತು. ಕಾಲು ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಗೋಡೆಗೆ ಒರಗಿ ಒಂದು ಜೊಂಪು ತೆಗೆಯುತ್ತಾಳೆ. ಆ ಎರಡು ತಾಸಿನ ಬಲದ ಮೇಲೆ ಖಾನಾವಳಿ ನಡೆಯುತ್ತಿದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಖಾನಾವಳಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ಮರಿಯಮ್ಮನಹಳ್ಳಿಯ ರೇಖಾ. ಕಂಪ್ಯೂಟರ್ ಓದಿ, ಊರೂರಿನ ಅಂಗಡಿಗಳಿಗೆ ಇಂಥ ಕೆಲಸ ಮಾಡಿಕೊಡುವ ಚುರುಕು ಹೆಣ್ಣುಮಗಳು. ಎಣ್ಣೆಗಾಯಿಯ ಫೋಟೋ, ನನ್ನ ಫೋಟೋ ಎಲ್ಲ ಹಾಕಿ ಮುಗಿಸಿದ ಮೇಲೆ ಅವಳಿಗೇ ಸಮಾಧಾನವಾಗಲಿಲ್ಲ. “ಸರ್, ಬರೇ ಫೋಟೋ ನೋಡಿ ಯಾರ್ ಬರ್ತಾರ್ರಿ? ಇದಕ್ಕ ಲೈವ್ ಡಾಟಾ ಕನೆಕ್ಟ್ ಮಾಡೋಣ್ರಿ. ನಿಮ್ಮ ಬುಟ್ಟ್ಯಾಗ ಈಗ ಎಷ್ಟು ರೊಟ್ಟಿ ಅದಾವು ಅನ್ನೋದು ಗಿರಾಕಿ ಫೋನಿನ್ಯಾಗ ಕಾಣಬೇಕ್ರಿ” ಎಂದಳು. ನಾನು ತಲೆಯಾಡಿಸಿದೆ. ಅಡುಗೆಮನೆಯ ಗೋಡೆಗೆ ಒಂದು ಟ್ಯಾಬ್ ಬಂತು. ಹಿಟ್ಟು ತಾಗದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ಗಂಗಕ್ಕ ಅರ್ಧ ಗಂಟೆಗೊಮ್ಮೆ ಬುಟ್ಟಿಯ ರೊಟ್ಟಿ ಎಣಿಸಿ ಅದರಲ್ಲಿ ಒತ್ತಬೇಕು. ರೊಟ್ಟಿ ಇರುವ ತನಕ ವೆಬ್‌ಸೈಟಿನಲ್ಲಿ ಹಸಿರು ಅಕ್ಷರದಲ್ಲಿ ‘ಊಟ ಇದೆ’. ಸೊನ್ನೆ ಒತ್ತಿದರೆ ಕೆಂಪು ಅಕ್ಷರದಲ್ಲಿ ‘ಊಟ ಮುಗಿದಿದೆ’.

ಹದಿನೈದು ದಿನ ಕಳೆದರೂ ಕೆಂಪು ಅಕ್ಷರ ಬರಲೇ ಇಲ್ಲ. ಮೂರೂವರೆಗೆ, ನಾಲ್ಕಕ್ಕೆ, ಗಂಗಕ್ಕ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ, ಫೋನು ಹಿಡಿದುಕೊಂಡು ಲಾರಿಯವರು ಬಂದು ನಿಲ್ಲುತ್ತಿದ್ದರು. ರೇಖಾ ಬಂದು ವೈರು, ಇಂಟರ್‌ನೆಟ್ಟು ಎಲ್ಲ ನೋಡಿದಳು. ಎಲ್ಲ ಸರಿಯಾಗಿತ್ತು. ಕೊನೆಗೆ ಬುಟ್ಟಿಯ ಬಟ್ಟೆ ಸರಿಸಿ ನೋಡಿದರೆ ತಳದಲ್ಲಿ ಒಂದೇ ಒಂದು ರೊಟ್ಟಿ. ರೊಟ್ಟಿ ಬುಟ್ಟಿಯನ್ನು ಪೂರ್ತಿ ಬರಿದು ಮಾಡುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ನಮ್ಮವ್ವನ ಕಾಲದಿಂದಲೂ ಒಂದು ಉಳಿಸಿ, ಮರುದಿನ ಅದರ ಮೇಲೆ ಹೊಸ ರೊಟ್ಟಿ ಬಿದ್ದ ಮೇಲೆಯೇ ಹಳೆಯದನ್ನು ತೆಗೆದು ಆಕಳಿಗೆ ಹಾಕುವುದು. ಗಂಗಕ್ಕ ಸುಳ್ಳು ಹೇಳುವವಳಲ್ಲ. ಒಂದು ಇತ್ತು, ಒಂದು ಒತ್ತಿದ್ದಳು. “ಸೊನ್ನಿ ಯಾಕ್ ಒತ್ಲಿ ಲೇ ತಮ್ಮಾ? ಅನ್ನ ಕೊಡೋ ಬುಟ್ಟಿಗೆ ಸೊನ್ನಿ ಅಂತಾರೇನು?” ಎಂದು ನನ್ನನ್ನೇ ಗದರಿದಳು.

ರೇಖಾ ಜಾಣೆ. ‘ಒಂದು ಉಳಿದರೆ ಊಟ ಮುಗಿದ ಹಾಗೆ’ ಎಂದು ಕಂಪ್ಯೂಟರಿಗೆ ಹೇಳಿಕೊಟ್ಟು ಹೋದಳು. ನಾನು ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದು. ಅಕ್ಕನಿಗೆ ಹೆಮ್ಮೆಯಿಂದ ವಿವರಿಸಿದೆ. ಅವಳ ಮುಖ ಸಣ್ಣದಾಯಿತು. “ಅಂದ್ರ ನನ್ನ ಬುಟ್ಟಿ ಬರಿದಾಗೇತಿ ಅಂತ ಊರಿಗೆಲ್ಲ ಡಂಗುರ ಹೊಡಿಸಿದಂಗಾತು” ಎಂದವಳು ಮರುದಿನದಿಂದ ಎರಡು ಉಳಿಸತೊಡಗಿದಳು. ನಾವು ಲೆಕ್ಕವನ್ನು ಎರಡಕ್ಕೆ ಏರಿಸಿದೆವು. ಅವಳು ಮೂರು ಉಳಿಸಿದಳು. ಶ್ರಾವಣದ ಹೊತ್ತಿಗೆ ನಾವು ಐದಕ್ಕೆ ಬಂದಿದ್ದೆವು, ಅವಳು ಆರರಲ್ಲಿದ್ದಳು. ಆಕಳು ಮಾತ್ರ ಮಸ್ತಾಗಿ ಮೈ ತುಂಬಿಕೊಂಡಿತ್ತು.

ಇಷ್ಟರಲ್ಲಿ ಒಂದು ದಿನ ಗಂಗಕ್ಕ, “ನನ್ನ ಕಾಲು ಸೋತಾವ ತಮ್ಮಾ. ದೀಪಾವಳಿಗೆ ಕಂಪ್ಲಿಗೆ ಮಗಳ ಮನಿಗೆ ಹೋದರ ವಾಪಸ್ ಬರಂಗಿಲ್ಲ” ಎಂದಳು. ಮುನಿಸಿನ ಮಾತಲ್ಲ, ತಣ್ಣಗೆ ಹೇಳಿದಳು. ಗಂಗಕ್ಕ ಹೋದರೆ ಉಳಿಯುವುದು ಬೋರ್ಡು ಒಂದೇ, ಮತ್ತು ಅದರ ಮೇಲಿನ ಹೆಸರಿಗೆ ಹಿಟ್ಟು ನಾದಲೂ ಬರುವುದಿಲ್ಲ. ಆದರೂ ಪುಣ್ಯಾತ್ಮ ನಾನು, ದೀಪಾವಳಿ ಇನ್ನೂ ದೂರವಿದೆ ಎಂದು ಲೆಕ್ಕ ಹಾಕಿ ಸುಮ್ಮನಾದೆ.

ಅದೇ ವಾರ ಎಮ್ಮಿಗನೂರಿನ ಹನ್ನೊಂದು ಜನ ಹಂಪಿ ನೋಡಿಕೊಂಡು ನಾಲ್ಕು ಗಂಟೆಗೆ ಬಂದಿಳಿದರು. ಫೋನಿನಲ್ಲಿ ಹಸಿರು ಅಕ್ಷರ. ಬುಟ್ಟಿಯಲ್ಲಿ ಆರು ರೊಟ್ಟಿ. ನಾನು ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗಂಗಕ್ಕ ಗೋಡೆ ಹಿಡಿದು ಎದ್ದು, “ಬರ್ರಿ, ಕುಂದ್ರಿ” ಎಂದು ಒಲೆ ಹೊತ್ತಿಸಿದಳು. ನಾಲ್ಕನೇ ರೊಟ್ಟಿಗೆ ಅವಳ ಕಾಲು ನಡುಗುವುದು ಅವರ ಗುಂಪಿನ ಒಬ್ಬ ಅಜ್ಜಿಯ ಕಣ್ಣಿಗೆ ಬಿತ್ತು. ಅಜ್ಜಿ ಸೀದಾ ಒಳಗೆ ನಡೆದು, ಸೆರಗು ಸಿಕ್ಕಿಸಿ, “ಕುಂದ್ರವ್ವ ನೀನು, ನಾ ಬಡೀತೀನಿ” ಎಂದು ಹಿಟ್ಟಿನ ಪರಾತ ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಯಪ್ಪಾ, ನಿನ್ನ ಫೋನಿನ್ಯಾಗ ರೊಟ್ಟಿ ತೋರ್ಸೀದಿ. ಬಡಿಯೋರು ಹೆಂಗದಾರ ಅನ್ನೋದು ತೋರಸಂಗಿಲ್ಲೇನು?” ಎಂದಳು. ಅಕ್ಕ ನೆಲದ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ರೇಖಾಳನ್ನು ಕರೆಸಿ ರೊಟ್ಟಿ ಎಣಿಸುವುದನ್ನೇ ತೆಗೆಸಿದೆ. ಅದರ ಬದಲು ಏನು ತೋರಿಸಬೇಕೆಂದು ಈ ಸಲ ಗಂಗಕ್ಕನನ್ನೇ ಕೇಳಿದೆವು. ಅವಳು ಯೋಚನೆ ಮಾಡಲೂ ಇಲ್ಲ. “ಗಂಗಕ್ಕ ಕುಂತಾಳ ಅಂತ ಹಾಕ್ರಿ. ಮಂದಿ ತಿಳ್ಕೋತಾರ” ಎಂದಳು. ಟ್ಯಾಬಿನಲ್ಲಿ ಎರಡೇ ಗುಂಡಿ ಉಳಿದವು: ‘ಗಂಗಕ್ಕ ಒಲಿ ಮುಂದ ಅದಾರ’, ‘ಗಂಗಕ್ಕ ಕುಂತಾರ’. ಮೂರಕ್ಕೆ ಅವಳು ಎರಡನೆಯದನ್ನು ಒತ್ತಿದರೆ ಐದರ ತನಕ ಒಬ್ಬರೂ ಬಾಗಿಲು ಬಡಿಯುವುದಿಲ್ಲ. ದೀಪಾವಳಿಗೆ ಕಂಪ್ಲಿಗೆ ಹೋದವಳು ಮೂರನೇ ದಿನಕ್ಕೆ ವಾಪಸ್ಸು ಬಂದು ಮೊದಲನೇ ಗುಂಡಿ ಒತ್ತಿದಳು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಬಂದವರೆಲ್ಲ ಗಂಗಕ್ಕ, ಗಂಗಕ್ಕ ಎನ್ನುವುದನ್ನು ಕೇಳಿ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಬೋರ್ಡಿನ ಮೇಲಿರುವವನು ನಾನು, ನನ್ನದೂ ಒಂದು ಸಾಲು ಇರಲಿ ಎಂದು ರೇಖಾಳಿಗೆ ದುಂಬಾಲು ಬಿದ್ದೆ. ಅವಳು ಮಾಲೀಕರಿಗೂ ಅಂಥವೇ ಎರಡು ಗುಂಡಿ ಮಾಡಿ ಗಲ್ಲಾದ ಹತ್ತಿರ ಇಟ್ಟಳು. ಎದ್ದು ಕೆಲಸಕ್ಕೆ ಹೋದಾಗ ಒಂದು ಒತ್ತಬೇಕು, ಬಂದು ಕೂತಾಗ ಇನ್ನೊಂದು.

ತಿಂಗಳ ಮೇಲೆ ಬಂಡ್ರಿಯ ಲಾರಿ ಡ್ರೈವರೊಬ್ಬ ಕೈ ತೊಳೆದು ಬಂದು ಕಾಳಜಿಯಿಂದ ಹೇಳಿದ: “ಸಾವ್ಕಾರ್ರ, ಗಂಗಕ್ಕಂದು ಬರೋಬರಿ ಬದಲಾಗ್ತೈತಿ. ನಿಮ್ಮ ಸಾಲು ಯಾವಾಗ ನೋಡಿದ್ರೂ ‘ಮಾಲೀಕರು ಕುಂತಾರ’ ಅಂತನ ಐತಿ. ಕೆಟ್ಟೈತೇನೋ, ಜಲ್ದಿ ತೋರಸ್ರಿ.” ನಾನು ಗಾಬರಿಯಾಗಿ ರೇಖಾಳಿಗೆ ಫೋನ್ ಮಾಡಿದೆ. ಅವಳು ಅಲ್ಲಿಂದಲೇ ಎಲ್ಲ ಪರೀಕ್ಷೆ ಮಾಡಿ, ಹೇಳಿದಳು: “ಕನೆಕ್ಷನ್ ಸರಿ ಐತ್ರಿ ಸರ್. ಡಾಟಾನ ಹಂಗೈತಿ.”