ರೇಸಿನವರ ಕಿವಿಗೆ ಹಾನಗಲ್ಲಿನ ಅಚ್ಚು

ಕಿವಿಯ ಅಂಗಡಿ ಇಟ್ಟವರಿಗೆ ಬೈಗುಳವಾಗಲಿ ನಗುವಾಗಲಿ ಜೋರಾಗಿಯೇ ಬರುತ್ತದೆ, ಯಾಕೆಂದರೆ ಬರುವ ಗಿರಾಕಿಗಳೆಲ್ಲ ಕೂಗಿಯೇ ಮಾತಾಡುವವರು. ಹಾನಗಲ್ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಕಿವಿ ಮಿಷನ್ ಅಂಗಡಿ. ವರ್ಷಗಟ್ಟಲೆ ಮುದುಕರ ಕಿವಿಯ ಅಚ್ಚು ತೆಗೆದವಳು, ಒಂದು ದಿನ "ಕಾರ್ ರೇಸಿನವರ ಕಿವಿಗೂ ಮಾಡಿಕೊಡಲಾಗುವುದು" ಎಂದು ಬೋರ್ಡು ಹಾಕಿದೆ. ಓಣಿಗೆ ಓಣಿಯೇ ನಕ್ಕಿತು. ನಗಲಿ. ಬೋರ್ಡು ಮಾತ್ರ ಇಳಿಸುವುದಿಲ್ಲ ಎಂದು ಅವತ್ತೇ ಹಟ ಹಿಡಿದೆ.

೧. ಕೇಳಬಾರದು, ಕೇಳಬೇಕು

ಇದಕ್ಕೆಲ್ಲ ಕಾರಣ ಸವಣೂರಿನ ವೀಳ್ಯದೆಲೆ ತೋಟದ ಮನೆಯ ಒಬ್ಬ ಮನುಷ್ಯ. ಮಣ್ಣಿನ ಹಾದಿಯಲ್ಲಿ ಕಾರ್ ರೇಸ್ ಓಡಿಸುವವನು. ಅವನು ಬಂದಾಗ ಬೆಂಚಿನ ಮೇಲೆ ಒಬ್ಬ ಅಜ್ಜಿ ತನ್ನ ಯಜಮಾನರ ಕಿವಿ ತೋರಿಸಲು ಕೂತಿದ್ದಳು.

"ಅಕ್ಕಾರ, ನನಗ ಕಿವಿ ಕೇಳಬಾರದು."

"ಇಲ್ಲಿಗೆ ಎಲ್ಲಾರೂ ಕೇಳಸ್ಲಿ ಅಂತ ಬರ್ತಾರೋ ತಮ್ಮಾ."

"ಇಂಜಿನ್ ಸಪ್ಪಳ ಕೇಳಬಾರದ್ರಿ. ಒಮ್ಮೆ ಓಡಿಸಿದ್ರ ಎರಡು ದಿನ ಕಿವ್ಯಾಗ ಗುಂಯ್ ಅಂತೈತಿ. ಆದ್ರ ಹೊರಗ ನಿಂತು ವಾಕಿಟಾಕ್ಯಾಗ ದಾರಿ ಹೇಳಾಂವನ ಮಾತಷ್ಟ ಕೇಳಬೇಕು. ರೆಡಿಮೇಡ್ ರಬ್ಬರ್ ಹಾಕ್ಕೊಂಡ್ರ ನಡುದಾರ್ಯಾಗ ಉದುರ್ತಾವು."

ಅಜ್ಜಿಗೆ ತಡೆಯಲಾಗಲಿಲ್ಲ. "ಅದಕ್ಕ ಮಿಷನ್ ಯಾಕೋ ಯಪ್ಪಾ? ನಮ್ಮ ಯಜಮಾನರನ್ನ ನೋಡು. ನಲವತ್ತು ವರ್ಷದಿಂದ ನನ್ನ ಒಂದು ಮಾತೂ ಕೇಳಿಸಿಲ್ಲ, ಅವರವ್ವನ ಒಂದು ಮಾತೂ ತಪ್ಪಿಲ್ಲ!"

೨. ಬಾಯಿ ಮುಚ್ಚಿದ ಕಿವಿ

ಅಚ್ಚು ತೆಗೆಯುವುದು ಸುಲಭ. ಕಿವಿಯೊಳಗೆ ಒಂದು ಹತ್ತಿಯ ಉಂಡೆ ಇಟ್ಟು, ಮೆತ್ತನೆಯ ಸಿಲಿಕಾನ್ ತುಂಬಿ, ಐದು ನಿಮಿಷ ಬಾಯಿ ಮುಚ್ಚಿ ಕೂಡಿಸಿದರೆ ಗಟ್ಟಿಯಾಗಿ ಹೊರಬರುತ್ತದೆ. ಅದರ ಅಳತೆಯಲ್ಲಿ ಒಂದು ಜೋಡಿ ಮಾಡಿ, ಒಳಗೆ ಪುಟ್ಟ ಸ್ಪೀಕರ್ ಕೂಡಿಸಿ ಕೊಟ್ಟೆ. ಅಂಗಡಿಯಲ್ಲಿ ಚೆನ್ನಾಗಿ ಕೂತಿತು. ಹಂಸಭಾವಿ ಹತ್ತಿರದ ಬಯಲಿನಲ್ಲಿ ಓಡಿಸಿದಾಗ ಮೊದಲ ತಿರುವಿನಲ್ಲೇ ಜಾರಿತು. ಮತ್ತೆ ಮಾಡಿದೆ. ಮತ್ತೆ ಜಾರಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ, ಸಿಟ್ಟು ಬಂತು.

ಮೂರನೆಯ ಸಲ ನಾನೇ ಹೋಗಿ ಕಾರಿನ ಪಕ್ಕ ನಿಂತು ನೋಡಿದೆ. ಮಹರಾಯ ಹೆಲ್ಮೆಟ್ಟಿನೊಳಗೆ ದವಡೆ ಆಡಿಸುತ್ತಿದ್ದ.

"ಏನದು ಬಾಯಾಗ?"

"ಎಲಿ ಅಡಕಿ ರೀ. ತಂಬಾಕಿಲ್ಲ. ನಮ್ಮ ತೋಟದ ಎಲಿ, ಉಗುಳೂದಿಲ್ಲ."

"ಅಲ್ಲೋ, ದವಡಿ ಆಡಿದ್ರ ಕಿವಿಯ ದಾರಿ ಅಗಲ ಆಗ್ತೈತಿ! ಅಂಗಡ್ಯಾಗ ಯಾಕ ಹೇಳಲಿಲ್ಲ?"

"ನೀವು ಬಾಯಿ ಮುಚ್ಚು ಅಂದ್ರಿ, ಮುಚ್ಚಿದೆ."

ಎಲೆ ಬಿಡು ಎಂದರೆ ಸವಣೂರಿನವನು ಬಿಡುತ್ತಾನೆಯೇ? ಅಚ್ಚನ್ನೇ ಬದಲಿಸಿದೆ. ಕಿವಿಗೆ ಸಿಲಿಕಾನ್ ತುಂಬಿ, ಬಾಯಿಗೆ ಎಲೆ ಕೊಟ್ಟು, "ಈಗ ಜಗಿ" ಎಂದೆ. ಅದನ್ನು ನೋಡಿದ ಬೆಂಚಿನ ಮುದುಕರು ಮರುದಿನದಿಂದ ತಮಗೂ ಎಲೆ ಕೊಟ್ಟ ಮೇಲೆಯೇ ಕಿವಿ ಕೊಡತೊಡಗಿದರು.

೩. ಸಂಭಾವಿತ

ಸಪ್ಪಳ ಎಷ್ಟು ತಡೆಯುತ್ತದೆ ಎಂದು ನೋಡಲು ದೊಡ್ಡ ಊರಿನವರಿಗೆ ಲ್ಯಾಬ್ ಇದೆಯಂತೆ. ನಮಗೆ ಅಕ್ಕಿ ಗಿರಣಿ ಇದೆ. ಹೊಸ ಜೋಡಿ ಹಾಕಿ ಅವನನ್ನು ಗಿರಣಿಯ ನಡುವೆ ನಿಲ್ಲಿಸಿ, ನಾನು ವಾಕಿಟಾಕಿ ಹಿಡಿದು ಬಾಗಿಲಾಚೆ ನಿಂತೆ. ಅವನು ನಿಂತದ್ದು ಸರಿಯಾಗಿ ಹಮಾಲರು ಚೀಲ ಹೊರುವ ದಾರಿಯಲ್ಲಿ. ಗಿರಣಿ ಸಾವ್ಕಾರರು ಓಡಿಬಂದು, ಕೈ ಬೀಸಿ ಬೀಸಿ, ಅವನ ಮೂರು ತಲೆಮಾರು ತೆಗೆದು ಬೈದರು. ಅವನಿಗೆ ಒಂದಕ್ಷರ ಕೇಳಿಸಲಿಲ್ಲ. ನನ್ನ ಮಾತಷ್ಟೇ ಕೇಳಿಸುತ್ತಿತ್ತು.

"ಕೈ ಮುಗಿ," ಎಂದೆ. ಮುಗಿದ. "ತಲಿ ಬಗ್ಗಿಸು." ಬಗ್ಗಿಸಿದ. "ನಗು." ನಕ್ಕ.

ಸಾವ್ಕಾರರು ಸುಸ್ತಾಗಿ ಹೊರಗೆ ಬಂದು ನನ್ನ ಮುಂದೆ ನಿಂತರು. "ಯಾರ ಪೈಕಿರಿ ಅಕ್ಕಾರ ಆ ಹುಡುಗ? ಇಷ್ಟು ಬೈದ್ರೂ ಒಂದು ಮಾತು ತಿರುಗಿ ಆಡಲಿಲ್ಲ. ನಮ್ಮ ತಂಗಿಗೆ ಒಬ್ಬಾಕಿ ಮಗಳದಾಳ."

೪. ಮೂರು ಸುತ್ತು

ಆಮೇಲೆ ಬಂದವನು ದೊಡ್ಡ ಊರಿನ ರೇಸ್ ತಂಡದ ಮ್ಯಾನೇಜರ್. ನಮ್ಮವನನ್ನು ತಂಡಕ್ಕೆ ಸೇರಿಸಿಕೊಳ್ಳಲು ಬಂದಿದ್ದ. ಕಿವಿಯ ಜೋಡಿ ನೋಡಿ ಮೂಗು ಮುರಿದ.

"ಹಾನಗಲ್ಲಾ? ಅದು ಮ್ಯಾಪಲ್ಲಿ ಇದೆಯಾ?"

"ಕಿವಿ ಮ್ಯಾಪಿನಾಗ ಇರಂಗಿಲ್ರಿ, ತಲ್ಯಾಗ ಇರ್ತೈತಿ," ಎಂದೆ.

ಅವನ ಮುಖ ಕೆಂಪಾಯಿತು. "ಮೂರು ಸುತ್ತಲ್ಲಿ ಇದು ಜಾರಿದರೆ, ಇಲ್ಲ ಅವನಿಗೆ ಮಾತು ಕೇಳಿಸದಿದ್ದರೆ, ಆ ಬೋರ್ಡು ಇಳಿಸ್ತೀರಾ?"

"ಇಳಸ್ತೇನಿ. ಗೆದ್ರ ನಿಮ್ಮ ತಂಡದ ಕಿವಿ ಎಲ್ಲಾ ನನ್ನ ಅಂಗಡಿಗೆ ಬರಬೇಕು."

ಹೇಳಿಬಿಟ್ಟೆ.

ಶಿಗ್ಗಾಂವಿ ರಸ್ತೆಯ ಪಕ್ಕ, ಗೋವಿನಜೋಳ ಕಟಾವಾದ ಹೊಲದಲ್ಲಿ ಪರೀಕ್ಷೆ. ಜನ ಸೇರಿತು. ಮೊದಲು ಮ್ಯಾನೇಜರ್ ತನ್ನ ಊರಿನಿಂದ ತಂದ ಜೋಡಿ. ಅರ್ಧ ಸುತ್ತಿಗೇ ಕಿವಿಯಿಂದ ಹೊರಬಿತ್ತು. "ಎಲೆ ಉಗುಳಿ ಬರೋಕೆ ಹೇಳಿ!" ಎಂದು ಮ್ಯಾನೇಜರ್ ಕೂಗಿದ. ಆಮೇಲೆ ನನ್ನ ಜೋಡಿ. ಮ್ಯಾನೇಜರ್ ವಾಕಿಟಾಕಿ ಗಟ್ಟಿಯಾಗಿ ಹಿಡಿದು "ಎಡಕ್ಕೆ" ಎಂದರೆ ಕಾರು ಎಡಕ್ಕೆ, "ನಿಧಾನ" ಎಂದರೆ ನಿಧಾನ. ಮೂರು ಸುತ್ತು ಮುಗಿಯಿತು.

"ಸಾಕು, ವಾಪಸ್ ಬಾ," ಎಂದ ಮ್ಯಾನೇಜರ್. ಕಾರು ನಿಲ್ಲಲಿಲ್ಲ. ನಾಲ್ಕನೇ ಸುತ್ತು. "ನಿಲ್ಲಿಸು!" ಐದನೇ ಸುತ್ತು.

ಮ್ಯಾನೇಜರನ ಮುಖ ಅರಳಿತು. "ನೋಡಿದ್ರಾ? ಕೇಳಿಸ್ತಾ ಇಲ್ಲ. ಬೋರ್ಡು ಇಳಿಸಿ."

ವಾಕಿಟಾಕಿ ಕಸಿದುಕೊಂಡೆ. "ಯಾಕೋ ತಮ್ಮಾ ನಿಲ್ಲಸವಲ್ಲಿ? ಕೇಳಸವಲ್ದೇನು?"

"ಎಲ್ಲಾ ಕೇಳಸಾಕತ್ತೈತ್ರಿ ಅಕ್ಕಾರ," ಹೆಲ್ಮೆಟ್ಟಿನ ಮೈಕಿನಿಂದ ಅವನ ದನಿ ವಾಕಿಟಾಕಿಯಲ್ಲಿ ಇಡೀ ಹೊಲಕ್ಕೆ ಕೇಳುವಂತೆ ಬಂತು. "ಸಾಹೇಬ್ರು ಗುಂಡಿ ಒತ್ತಿ ಹಿಡಕೊಂಡು ಬಾಜೂದವರಿಗೆ 'ಮುದುಕರ ಕಿವಿ ಮಿಷನ್ ಮಾಡೋ ಹೆಂಗಸು, ಎಲೆ ಮೇಯೋ ಮೇಕೆ ಡ್ರೈವರ್, ಒಳ್ಳೇ ಜೋಡಿ' ಅಂದ್ರಲ್ಲ, ಅದೂ ಕೇಳಿಸ್ತು. ಅವರು ತಪ್ಪಾತು ಅನ್ನೋತನಕ ಗಾಡಿ ನಿಲ್ಲಂಗಿಲ್ಲ."

ಜನ ಮ್ಯಾನೇಜರನ ಕಡೆ ತಿರುಗಿದರು. ಅವನು ವಾಕಿಟಾಕಿ ತಗೊಂಡು ಗಂಟಲಲ್ಲೇ, "ತಪ್ಪಾಯ್ತು," ಎಂದ.

"ಕೇಳಸ್ಲಿಲ್ರಿ."

"ತಪ್ಪಾಯ್ತು!"

"ಇನ್ನೂ ಸ್ವಲ್ಪ ಜೋರ್ ರೀ."

ಮೂರನೆಯ ಸಲ ಅವನು ಕೂಗಿದ್ದು ರಸ್ತೆಯಲ್ಲಿ ನಿಂತ ಬಸ್ಸಿನವರಿಗೂ ಕೇಳಿಸಿತು. ಕಾರು ಬಂದು ನನ್ನ ಮುಂದೆ ನಿಂತಿತು.

ಮ್ಯಾನೇಜರ್ ಕೊನೆಯ ದಾಳ ಎಸೆದ. "ಎರಡು ಸಲ ಕೇಳಿಸಲಿಲ್ಲ ಅಂದನಲ್ಲ, ಹಾಗಾದ್ರೆ ನಿಮ್ಮದು ಫೇಲ್!"

ನಮ್ಮವನು ಹೆಲ್ಮೆಟ್ ತೆಗೆದ, ಎಲೆಯನ್ನು ಎಡದವಡೆಯಿಂದ ಬಲಕ್ಕೆ ಸರಿಸಿದ. "ನನಗ ಮೊದಲನೇ ಸಲನ ಕೇಳಿಸಿತ್ರಿ. ಉಳಿದ ಎರಡು ಅಕ್ಕಾರಿಗೆ."

ಬೋರ್ಡು ಅಲ್ಲೇ ಇದೆ. ಕೆಳಗೆ ಒಂದು ಸಾಲು ಹೊಸದಾಗಿ ಬರೆಸಿದ್ದೇನೆ: "ಬೈದದ್ದೂ ಸ್ಪಷ್ಟವಾಗಿ ಕೇಳಿಸುತ್ತದೆ."